ಕಚ್ಚುವವರು, ಚೀಪುವವರು
ಚಾಕಲೇಟು ಸರ್ವೆ ಮಾಡುವ ಬೋರೇಶನ ಪ್ರಕಾರ ಭೂಮಿಯ ಮೇಲೆ ಇರುವುದು ಎರಡೇ ಜಾತಿ: ಕಚ್ಚುವವರು, ಚೀಪುವವರು. ಕಂಪನಿ ಕೊಟ್ಟ ಟ್ಯಾಬನ್ನು ಹಸುಗೂಸಿನಂತೆ ಎದೆಗೆ ಕಟ್ಟಿಕೊಂಡು ಮಾಗಡಿಯಿಂದ ಕನಕಪುರದವರೆಗೆ ಬೈಕಿನಲ್ಲಿ ಸುತ್ತುವ ಅವನು, ಹೆಣ್ಣು ನೋಡಲು ಹೋದಾಗಲೂ ಹುಡುಗಿಯನ್ನು ಕೇಳಿದ್ದು "ಕಚ್ತೀರೋ, ಚೀಪ್ತೀರೋ?" ಎಂದೇ, ಆ ಸಂಬಂಧ ಅಲ್ಲಿಗೇ ಮುರಿಯಿತು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಇದ್ರೀಸ್ ಸಾಬರು ಅವನನ್ನು ಕಂಡೊಡನೆ ಬಾಯಿ ತೆರೆದು, "ಹಲ್ಲು ನೋಡ್ಕೊಂಡು ನೀನೇ ಬರ್ಕೊಳಪ್ಪ" ಎನ್ನುತ್ತಾರೆ. ಹಳ್ಳಿಗಳಲ್ಲಂತೂ ಸರ್ವೆಯವರೆಂದರೆ ರೇಷನ್ ಕಾರ್ಡು ಕಿತ್ತುಕೊಳ್ಳುವವರೆಂಬ ಭಯ. ಬೈಕಿನ ಸದ್ದು ಕೇಳುತ್ತಲೇ ಮಕ್ಕಳ ಬಾಯಿ ಒರೆಸಿ, ಚಾಕಲೇಟಿನ ಕಾಗದ ಒಲೆಗೆ ಹಾಕಿ, "ಅಂತಾವೆಲ್ಲ ನಾವು ಕಣ್ಣಲ್ಲೂ ಕಂಡಿಲ್ಲ ಸ್ವಾಮಿ" ಎಂದು ಕೈಮುಗಿಯುತ್ತಾರೆ. ಬೋರೇಶ ಜಗ್ಗುವವನಲ್ಲ, ತಿನ್ನದವರಿಗೆ ಅವನ ಟ್ಯಾಬಿನಲ್ಲಿ ಜಾಗವೇ ಇಲ್ಲ. ಮರಳವಾಡಿಯ ಮುನಿಯಮ್ಮ ಮಾತ್ರ ಅಂಜದೆ, "ಕಚ್ತೀನಿ ಕಣಪ್ಪ" ಎಂದಳು. ಬೋರೇಶ ಖುಷಿಯಾಗಿ, "ದಿನಾ ತಿಂತೀಯಾ ಅಜ್ಜಿ?" ಎಂದ. "ನಾನೆಲ್ಲಿ ತಿನ್ಲಪ್ಪ? ಮೊಮ್ಮಕ್ಕಳು ನಾಕು, ಚಾಕ್ಲೇಟು ಒಂದು. ಎಂಜ್ಲಾಗ್ದಂಗೆ ಸೆರಗು ಸುತ್ತಿ ಕಚ್ಚಿ, ಚೂರು ಮಾಡಿ ಕೊಟ್ಬುಡ್ತೀನಿ." ಬೋರೇಶ ತಬ್ಬಿಬ್ಬಾದ, ಕಚ್ಚಿಯೂ ತಿನ್ನದ ಮೂರನೆಯ ಜಾತಿಯೊಂದು ಇರಬಹುದೆಂದು ಕಂಪನಿಯವರು ಅವನಿಗೆ ಹೇಳಿಕೊಟ್ಟಿರಲಿಲ್ಲ. ಟ್ಯಾಬು ಮುಂದಕ್ಕೆ ಹೋಗಲೊಲ್ಲದು. "ರುಚಿನಾದ್ರೂ ಒಸಿ ಹೇಳಜ್ಜಿ, ಸಿಹಿನಾ, ಕಹಿನಾ?" ಎಂದು ಗೋಗರೆದ. ಮುನಿಯಮ್ಮ ಕಂದು ಕಲೆ ಹಿಡಿದ ಸೆರಗಿನ ತುದಿಯನ್ನು ಎತ್ತಿ ತೋರಿಸಿ ನಕ್ಕಳು: "ಬಟ್ಟೆ ರುಚಿ ಬೇಕಾದ್ರೆ ಕೇಳು, ಹೇಳ್ತೀನಿ."