ಆರನೆಯ ಮುಳುಗು

ನನಗೆ ನೀರೆಂದರೆ ಹೆದರಿಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಂಡಮಾನಿನ ಆ ಪ್ರವಾಸದಲ್ಲಿ ನಾನು ಹೆದರದೆ ಕೂತದ್ದು ಒಂದೇ ಒಂದು ಸಲ, ಅದೂ ಸ್ವಲ್ಪ ಹೊತ್ತು.

ನಾನು ಹುಟ್ಟಿದ್ದು ಆಳಂದ ತಾಲೂಕಿನ ನಿಂಬರ್ಗಾದಲ್ಲಿ. ತೊಗರಿ, ಜೋಳ ಬೆಳೆಯುವ ಕರಿ ನೆಲ. ನೀರೆಂದರೆ ನಮಗೆ ಕೊಡದಲ್ಲಿ ಬರುವಂಥದ್ದು, ಹಂಡೆಯಲ್ಲಿ ಕಾಯುವಂಥದ್ದು. ಮೊಣಕಾಲು ದಾಟಿದ ನೀರಿನಲ್ಲಿ ನಾನು ಮೊದಲು ನಿಂತದ್ದು ಮದುವೆಯಾಗಿ ಗಾಣಗಾಪುರಕ್ಕೆ ಹೋದ ಮೇಲೆ. ಅತ್ತೆ ನನ್ನ ಮುಂಗೈ ಹಿಡಿದು ಭೀಮಾ ನದಿಯ ಸಂಗಮದ ಮೆಟ್ಟಿಲು ಇಳಿಸಿದರು. "ಮೂಗ್ ಹಿಡ್ಕೊ, ಬಾಯಿ ಮುಚ್ಚು, ಮುಣುಗು" ಅಂದರು. ಒಂದು ಮುಳುಗು ಹಾಕುವಷ್ಟರಲ್ಲಿ ಕಾಲಡಿಯ ಕೆಸರು ಜಾರಿತು. ನಾನು ಅವರ ಸೀರೆ ಹಿಡಿದು ಎಳೆದೆ, ಇಬ್ಬರೂ ನೀರಿಗೆ ಬಿದ್ದೆವು. ದಂಡೆಯ ಮೇಲಿದ್ದ ಜನವೆಲ್ಲ ನಕ್ಕರು. ಅಂದಿನಿಂದ ನನ್ನನ್ನು ನೀರಿಗೆ ಕರೆಯುವುದನ್ನು ಅತ್ತೆ ಬಿಟ್ಟುಬಿಟ್ಟರು. ದಂಡೆಯಲ್ಲಿ ಟವೆಲ್ಲು, ಒಣ ಧೋತರ ಹಿಡಿದು ನಿಂತು ಎಣಿಸುವ ಕೆಲಸ ಕೊಟ್ಟರು.

ಎಣಿಸುವುದೂ ಒಂದು ಕೆಲಸವೇ ನಮ್ಮಲ್ಲಿ. ತನಗೆಂದು ಮೂರು ಮುಳುಗು ಹಾಕಬೇಕು. ಆಮೇಲೆ ಬರಲಾಗದವರ ಹೆಸರಿನಲ್ಲಿ ತಲಾ ಒಂದೊಂದು. ಮಂಡಿ ನೋವಿನವರು, ಬಾಣಂತಿಯರು, ಪರೀಕ್ಷೆ ಇರುವ ಮಕ್ಕಳು, ಎಲ್ಲರ ಪಾಲಿನ ಮುಳುಗನ್ನೂ ಯಾರಾದರೊಬ್ಬರು ಹಾಕುತ್ತಾರೆ. ಮುಳುಗುವವರ ಕಿವಿಯಲ್ಲಿ ನೀರು, ತಲೆಯಲ್ಲಿ ದೇವರು, ಲೆಕ್ಕ ನಿಲ್ಲುವುದಿಲ್ಲ. ಯಾರದಾದರೂ ತಪ್ಪಿಹೋದರೆ ಆಮೇಲೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಅದಕ್ಕೇ ದಂಡೆಯಲ್ಲಿ ಒಬ್ಬರು ಬೇಕು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ನನ್ನ ಲೆಕ್ಕಕ್ಕೆ ಆ ಮನೆಯಲ್ಲಿ ಯಾರೂ ಎದುರು ಮಾತಾಡಿಲ್ಲ.

ಇವರು, ನನ್ನ ಯಜಮಾನರು, ಪಶುವೈದ್ಯರು. ಅಫಜಲಪುರ ತಾಲೂಕಿನಲ್ಲೇ ನೌಕರಿ ಮುಗಿಸಿದರು. ಕರಜಗಿಯ ಕಬ್ಬಿನ ಹೊಲದ ಬದುವಿನಲ್ಲಿ ಎಮ್ಮೆ ಈಯಿಸಿ, ಮೊಣಕೈವರೆಗೆ ರಕ್ತ ಮಾಡಿಕೊಂಡು ಬಂದು, ಅದೇ ಖುಷಿಯಲ್ಲಿ ರೊಟ್ಟಿ ಉಣ್ಣುವ ಮನುಷ್ಯ. ನಿವೃತ್ತಿಯಾದ ಮೇಲೆ ಮೊಬೈಲಿನಲ್ಲಿ ಸಮುದ್ರದ ತಳದ ವಿಡಿಯೊ ನೋಡುವ ಚಟ ಹತ್ತಿತು. "ದನದ ಹೊಟ್ಟಿ ಒಳಗ ಏನೇನ್ ಅದ ಅಂತ ನೋಡಿದ್ದಾಯ್ತು. ಈಗ ಸಮುದ್ರದ ಹೊಟ್ಟ್ಯಾಗ ಏನದ ನೋಡಬೇಕ್" ಅಂದರು. ನಾನು ಬೇಡವೆಂದೆ, ಬೈದೆ, ಮೂರು ದಿನ ಮಾತು ಬಿಟ್ಟೆ. ಟಿಕೆಟ್ ಮಾಡಿಸಿಬಿಟ್ಟರು.

ಹೊರಡುವ ಮುಂಚೆ ಗಾಣಗಾಪುರಕ್ಕೆ ಹೋಗಿ ಅತ್ತೆಯ ಕಾಲು ಮುಟ್ಟಿದೆವು. ಅವರಿಗೆ ಈಗ ಹಾಸಿಗೆಯಿಂದ ಏಳಲು ಇಬ್ಬರು ಬೇಕು. ಸಂಗಮಕ್ಕೆ ಹೋಗಿ ಯಾವ ಕಾಲವಾಯಿತೋ. ಮಗ ಸಮುದ್ರಕ್ಕೆ ಇಳಿಯುತ್ತಾನೆ ಎಂದು ಕೇಳಿ ಮುಖ ಅರಳಿತು.

"ನಮ್ಮ ಭೀಮಿನೂ ಕಡೀಗಿ ಅಲ್ಲಿಗೇ ಹೋಗ್ತಾಳ. ನನ್ನ ಹೆಸರಲೆ ಒಂದ್ ಮುಣುಗು ಹಾಕಪ. ನಿಮ್ಮ ಜೇವರ್ಗಿ ಅಕ್ಕನ ಹೆಸರಲೆ ಒಂದ್ ಹಾಕು, ಪಾಪ, ಆಕಿ ಮಂಡಿ ಮಡಚಂಗಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀ ದಂಡಿಗೆ ನಿಂತು ಎಣಸಬೇಕ್ ನೋಡವ್ವ. ನೀರ್ ಕಂಡ್ರ ಅವಂಗ ಮೈಮ್ಯಾಲ ಖಬರ್ ಇರಂಗಿಲ್ಲ."

ನಡುಸಮುದ್ರದಲ್ಲಿ ದಂಡೆ ಎಲ್ಲಿಂದ ಬರಬೇಕು ಎಂದು ನಾನು ಕೇಳಲಿಲ್ಲ.

ಅಂಡಮಾನಿನಲ್ಲಿ ನಾವು ಹತ್ತಿದ್ದಕ್ಕೆ ಯಾಟ್ ಅನ್ನುತ್ತಾರೆ. ಬಿಳಿ ಬೋಟು, ಮೇಲೆ ಬಟ್ಟೆಯ ನೆರಳು, ಹಿಂದೆ ನೀರಿಗೆ ಇಳಿಯಲು ಉಕ್ಕಿನ ಏಣಿ. ಪ್ರವಾಸಿಗಳು ನಾವು ಒಟ್ಟು ಎಂಟು ಜನ. ಬೋಟು ನಡೆಸುವವನೊಬ್ಬ, ನೀರಿನಲ್ಲಿ ನಮ್ಮನ್ನು ಕರೆದೊಯ್ಯುವ ಗೈಡ್ ಒಬ್ಬ. ದಡ ಸಣ್ಣದಾಗುತ್ತ ಹೋದ ಹಾಗೆ ನಾನು ಬೋಟಿನ ಕಂಬಿ ಹಿಡಿದುಕೊಂಡೆ. ಬೋಟು ಒಂದು ಬದಿಗೆ ವಾಲಿದಾಗೆಲ್ಲ ನಾನು ಇನ್ನೊಂದು ಬದಿಗೆ ಸರಿದು ಕೂರುತ್ತಿದ್ದೆ, ನನ್ನ ಭಾರದಿಂದಲೇ ಅದು ನೆಟ್ಟಗಾಗುತ್ತದೆ ಎನ್ನುವವಳ ಹಾಗೆ. ಪಕ್ಕದಲ್ಲಿದ್ದ ಪುಣೆಯ ಹೆಂಗಸು ಮುಸಿಮುಸಿ ನಕ್ಕಳು. ಆಳಂದದ ಕಡೆಯವಳಿಗೆ ಮರಾಠಿ ಬಾರದೆ ಇರುತ್ತದೆಯೆ? "ನಗು ತಾಯಿ, ನಗು" ಎಂದು ಅವಳ ಭಾಷೆಯಲ್ಲೇ ಹೇಳಿದೆ. ಅಲ್ಲಿಂದ ಇಬ್ಬರೂ ಗೆಳತಿಯರಾದೆವು.

ಹವಳದ ದಿಬ್ಬದ ಹತ್ತಿರ ಬೋಟು ನಿಂತಿತು. ಬಗ್ಗಿ ನೋಡಿದೆ. ನೋಡಬಾರದಿತ್ತು. ಭೀಮೆಯ ನೀರು ಕೆಂಪು, ಒಳಗೇನಿದೆಯೋ ಕಾಣುವುದಿಲ್ಲ, ಕಾಣದ್ದಕ್ಕೆ ಎಷ್ಟೆಂದು ಹೆದರುವುದು? ಇಲ್ಲಿ ತಳದ ಕಲ್ಲು ಕಲ್ಲೂ ಕಾಣುತ್ತಿತ್ತು. ಬಿದ್ದರೆ ಎಷ್ಟು ದೂರ ಹೋಗಬೇಕು ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಹಿಂದೆ ಸರಿದು ಕೂತೆ.

ಆದರೂ ಒಮ್ಮೆ ಇಳಿದೆ. ದುಡ್ಡು ಕೊಟ್ಟಿದ್ದೇವಲ್ಲ, ನಮ್ಮ ಬುದ್ಧಿ ಎಲ್ಲಿ ಹೋಗುತ್ತದೆ. ಲೈಫ್ ಜಾಕೆಟ್ ಕಟ್ಟಿ, ಕಣ್ಣು ಮೂಗು ಮುಚ್ಚುವ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಿನ ನಳಿಗೆ ಕಚ್ಚಿಸಿದರು. ಮುಖ ನೀರಿನಲ್ಲಿ, ನಳಿಗೆಯ ತುದಿ ಗಾಳಿಯಲ್ಲಿ, ಬಾಯಿಂದ ಉಸಿರಾಡಬೇಕು. ಮುಖಕ್ಕೆ ನೀರು ಮುಟ್ಟಿದ್ದೇ ತಡ, ನಾನು ಉಸಿರು ಬಿಗಿಹಿಡಿದೆ. ಅತ್ತೆ ಕಲಿಸಿದ್ದು ಅದನ್ನೇ ಅಲ್ಲವೆ? ಗೈಡ್ ಹಿಂದಿಯಲ್ಲಿ "ಉಸಿರಾಡಿ, ಮೇಡಂ, ಉಸಿರಾಡಿ" ಎಂದು ಕೂಗುತ್ತಿದ್ದ. ನಳಿಗೆ ಬಾಯಲ್ಲಿದ್ದರೂ ನನಗೆ ಆಗಲಿಲ್ಲ. ಎದೆ ಒಡೆಯುವ ಹಾಗಾಗಿ ಏಣಿ ಹಿಡಿದು ಮೇಲೆ ಬಂದುಬಿಟ್ಟೆ. ಮಾಸ್ಕ್ ಬಿಗಿಯಾಗಿ ತಲೆನೋವು ಬಂತೆಂದು ಪುಣೆಯವಳೂ ಬಂದು ಕೂತಳು.

ನನ್ನ ಹಿಂದೆಯೇ ಇವರು ಏಣಿಗೆ ಬಂದರು. ಜಾಕೆಟ್ಟಿನ ಕೊರಳಪಟ್ಟಿಯಲ್ಲಿ ಗಲ್ಲ ಸಿಕ್ಕಿಕೊಂಡಿತ್ತು.

"ಇದನ್ನ ಕಟ್ಕೊಂಡ್ರ ಮುಣುಗೂದ್ ಹೆಂಗ? ನನ್ನ ತೇಲೂ ಬೆಂಡ್ ಮಾಡಿ ಬಿಟ್ಟಾರ" ಎಂದು ಮೆಲ್ಲಗೆ ಹೇಳಿದರು.

"ಬ್ಯಾಡ್ರಿ. ತಗೀಬ್ಯಾಡಂತ ಗೈಡ್ ಮೊದಲೇ ಹೇಳ್ಯಾನ."

"ದೂರ ಹೋಗಿ ತಗ್ಯಂಗಿಲ್ಲ ಬೇ. ಎಲ್ಲಾ ನೋಡ್ಕೊಂಡು ಏಣಿ ಹತ್ರ ಬಂದು ತಗೀತೇನಿ. ಭೀಮಿ ತುಂಬಿ ಹರಿಯೂವಾಗ ಈಜೇನಿ ನಾ."

"ಇದು ಭೀಮಿ ಅಲ್ರಿ."

"ಮತ್ತ ಅವ್ವಗ ಏನ್ ಹೇಳ್ಲಿ?"

ನಾನು ಬಗ್ಗಿ ಅವರ ಗಲ್ಲವನ್ನು ಪಟ್ಟಿಯಿಂದ ಬಿಡಿಸಿದೆ. "ನೀ ಎಣಸು" ಎಂದು ನಕ್ಕು, ಮಾಸ್ಕ್ ಸರಿಮಾಡಿಕೊಂಡು ಉಳಿದವರ ಹಿಂದೆ ಹೋದರು.

ಆಮೇಲಿನ ಹೊತ್ತು ನನಗೆ ನರಕ. ನೀರಿನ ಮೇಲೆ, ಗೈಡನ್ನು ಬಿಟ್ಟು, ಕಿತ್ತಳೆ ಬಣ್ಣದ ಜಾಕೆಟ್ಟಿನ ಆರು ಬೆನ್ನುಗಳು. ಅವುಗಳಲ್ಲಿ ಇವರದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಮುಖ ಕೆಳಗೆ ಮಾಡಿ ಅಲುಗಾಡದೆ ತೇಲುವ ಮನುಷ್ಯರನ್ನು ನಾನು ಹಿಂದೆಯೂ ಕಂಡಿದ್ದೆ, ಭೀಮೆಯ ದಂಡೆಯಲ್ಲಿ ಪೊಲೀಸರು ಜನರನ್ನು ದೂರ ಸರಿಸುತ್ತಿದ್ದಾಗ. ಯಾರಾದರೂ ತಲೆ ಎತ್ತಿದರೆ ಜೀವ ಬರುತ್ತಿತ್ತು. ಎತ್ತಿದ್ದು ಇವರಲ್ಲ ಎಂದು ತಿಳಿದರೆ ಮತ್ತೆ ಹೋಗುತ್ತಿತ್ತು. ಆರು, ಆರು, ಆರು ಎಂದು ಎಣಿಸುತ್ತಲೇ ಇದ್ದೆ. ಒಮ್ಮೆ ಐದು ಬಂದು ಎದ್ದೇ ನಿಂತೆ. ಒಬ್ಬಳು ಬೋಟಿನ ಮೂತಿಯ ಮರೆಯಲ್ಲಿದ್ದಳು, ಅಷ್ಟೆ.

ಕೊನೆಗೆ ಒಂದು ಕಿತ್ತಳೆ ಬೆನ್ನು ಗುಂಪಿನಿಂದ ಬಿಡಿಸಿಕೊಂಡು ನಮ್ಮ ಕಡೆ ಬಂತು. ಇವರೇ. ಗೈಡ್ ಉಳಿದವರಿಗೆ ಆಮೆ ತೋರಿಸುತ್ತಿದ್ದ, ಅವರೆಲ್ಲ ಆ ಕಡೆ. ಏಣಿಯಿಂದ ಒಂದು ಅಂಗಳದಷ್ಟು ದೂರದಲ್ಲಿ ಇವರು ಮಾಸ್ಕು, ನಳಿಗೆ ಕೊರಳಿಗೆ ಇಳಿಸಿ, ಜಾಕೆಟ್ ಬಿಚ್ಚಿದರು. ಅದು ಪಕ್ಕದಲ್ಲೇ ತೇಲಿತು. ನನಗೆ ಎಷ್ಟು ನಿರಾಳವಾಯಿತೆಂದರೆ, ಬೆಳಿಗ್ಗೆಯಿಂದ ಮೊದಲ ಸಲ ಬೆನ್ನು ಒರಗಿಸಿ ಕೂತೆ. ಹತ್ತಿರ ಬಂದಿದ್ದಾರೆ, ಮುಖ ಕಾಣುತ್ತಿದೆ, ಇನ್ನು ಮುಳುಗು ಹಾಕಿದರೆ ಮುಗಿಯಿತು. ಬ್ಯಾಗಿನಿಂದ ಟವೆಲ್ಲು ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ತಲೆ ನೀರಿಗೆ ಹೋಯಿತು, ಬಂತು. ಒಂದು.

ಮತ್ತೆ ಹೋಯಿತು, ಬಂತು. ಎರಡು. ಬಾಯಿ ತೆರೆದಿತ್ತು. ಮಂತ್ರ ಹೇಳುತ್ತಿದ್ದಾರೆ ಅಂದುಕೊಂಡೆ.

"ಏನು ಮಾಡುತ್ತಿದ್ದಾರೆ ನಿಮ್ಮವರು?" ಎಂದು ಪುಣೆಯವಳು ಕೇಳಿದಳು. ನಾನು ಬಹಳ ಠೀವಿಯಿಂದ ವಿವರಿಸಿದೆ. ಮೂರು ತಮ್ಮ ಪಾಲಿಗೆ, ಒಂದು ತಾಯಿಯ ಹೆಸರಿನಲ್ಲಿ, ಒಂದು ಅಕ್ಕನ ಹೆಸರಿನಲ್ಲಿ, ಊರಲ್ಲಿ ನಾವು ಹೀಗೇ ಮಾಡುತ್ತೇವೆ ಎಂದೆ. ಅಷ್ಟರಲ್ಲಿ ಮೂರಾಯಿತು. ನಾಲ್ಕನೆಯದಕ್ಕೆ ಇವರು ಒಂದು ಕೈ ಮೇಲೆತ್ತಿದರು. "ಇದು ಅತ್ತೆಯದು" ಎಂದು ನಕ್ಕೆ. ಅರ್ಘ್ಯ ಬಿಡುತ್ತಿರಬೇಕು ಎಂದೂ ಸೇರಿಸಿದೆ. ಪುಣೆಯವಳು ಕೂತಲ್ಲಿಂದಲೇ ಕೈ ಮುಗಿದಳು.

ಐದು. ಜೇವರ್ಗಿ ಅಕ್ಕನದು. ಬರೀ ಕೂದಲು ಮತ್ತು ಹಣೆ ಮೇಲೆ ಬಂದವು. ನಾನು ಎದ್ದು ಟವೆಲ್ಲು ಕೊಡವಿದೆ.

ಆರು.

ಇದು ಯಾರದು? ಹೊರಡುವಾಗ ಇನ್ನು ಯಾರು ಹೇಳಿದ್ದರು? ನಾನು ನಿಜವಾಗಿಯೂ ನೆನಪು ಮಾಡಿಕೊಂಡೆ. ಸೋದರಮಾವನೆ, ಓಣಿಯ ಅಜ್ಜಿಯೆ, ಎಂದು ಒಬ್ಬೊಬ್ಬರ ಮುಖವನ್ನೇ ತಂದುಕೊಂಡೆ. ಯಾರೂ ಹೇಳಿರಲಿಲ್ಲ. ಆಗ ಕಣ್ಣಿಗೆ ಬಿತ್ತು. ಇವರು ಮೂಗು ಹಿಡಿದಿರಲಿಲ್ಲ. ಆರರಲ್ಲಿ ಒಂದರಲ್ಲೂ ಹಿಡಿದಿರಲಿಲ್ಲ. ಹುಟ್ಟಿದಾಗಿನಿಂದ ಮೂಗು ಹಿಡಿಯದೆ ಮುಳುಗು ಹಾಕಿದವರಲ್ಲ ಅವರು.

ಜಾಕೆಟ್ ಆಗಲೇ ದೂರ ಹೋಗಿತ್ತು. ಇವರೂ ಏಣಿಯಿಂದ ದೂರ ಹೋಗಿದ್ದರು, ಅದೂ ನಾನು ನೋಡುತ್ತಿದ್ದಾಗಲೇ.

ನಾನು ಕಿರುಚಿದೆ. ಹಿಂದಿ ಬರುತ್ತದೆ, ಮರಾಠಿ ಬರುತ್ತದೆ, ಬಾಯಿಗೆ ಬಂದದ್ದು ನಿಂಬರ್ಗಾದ ಕನ್ನಡ. "ಯಾರರ ಬರ್ರಿ, ಹೋದ್ರು, ಹೋದ್ರು ನಮ್ಮೋರು!" ಮಾತು ತಿಳಿಯದಿದ್ದರೂ ದನಿ ಗೈಡಿಗೆ ತಿಳಿಯಿತು. ಅವನು ಆಮೆ ಬಿಟ್ಟು ತಿರುಗಿದ. ಅವನು ಬರುವುದನ್ನು ಕಾಯಲು ನನ್ನಿಂದ ಆಗಲಿಲ್ಲ. ಹಾರಿದೆನೋ, ಬಿದ್ದೆನೋ, ನೀರಿನಲ್ಲಿದ್ದೆ. ನನ್ನ ಜಾಕೆಟ್ ಮೈಮೇಲೇ ಇದ್ದುದರಿಂದ ಮುಳುಗಲಿಲ್ಲ, ಈಜು ಬಾರದ್ದರಿಂದ ಮುಂದೆ ಹೋಗಲೂ ಇಲ್ಲ. ಇದ್ದಲ್ಲೇ ಕೈಕಾಲು ಬಡಿಯುತ್ತ, ಉಪ್ಪು ನೀರು ಕುಡಿಯುತ್ತ ಇವರನ್ನು ಕೂಗುತ್ತಿದ್ದೆ. ನೀರಿನ ಮೇಲೆ ಏನೂ ಇರಲಿಲ್ಲ. ಇವರು ಸತ್ತರು ಎಂದೇ ತಿಳಿದೆ. ಅತ್ತೆಯ ಮುಖ ಕಣ್ಣ ಮುಂದೆ ಬಂತು, ಅವರಿಗೆ ಏನು ಹೇಳಲಿ ಎಂಬ ಇವರದೇ ಮಾತು ಕಿವಿಯಲ್ಲಿ ಬಂತು.

ಗೈಡ್ ಕೆಳಗೆ ಹೋಗಿ ಇವರನ್ನು ತಂದ. ಗಲ್ಲ ಮೇಲೆತ್ತಿ ಹಿಡಿದು, ಅಂಗಾತ ಎಳೆದುಕೊಂಡು ಬಂದ. ಬೋಟಿನವನೂ ಅವನೂ ಸೇರಿ ಮೇಲೆತ್ತಿ ಹಾಕಿದರು. ನನ್ನನ್ನು ಪುಣೆಯವಳು ಏಣಿಯಲ್ಲಿ ನಿಂತು ಜಾಕೆಟ್ಟಿನ ಪಟ್ಟಿ ಹಿಡಿದು ಎಳೆದಳು. ಇವರ ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಮಗ್ಗುಲಾಗಿಸಿ ಬೆನ್ನು ತಟ್ಟಿದರು. ಏನೂ ಇಲ್ಲ. ಮತ್ತೆ ತಟ್ಟಿದರು. ಆಮೇಲೆ ಕೆಮ್ಮಿದರು, ನೀರು ಕಾರಿದರು, ಮತ್ತೆ ಕೆಮ್ಮಿದರು. ಅಷ್ಟು ಚಂದದ ಸದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಟವೆಲ್ಲು ಎಲ್ಲಿಯೋ ಬಿದ್ದುಹೋಗಿತ್ತು, ನನ್ನ ಒದ್ದೆ ದುಪಟ್ಟಾದಿಂದಲೇ ಮುಖ ಒರೆಸಿದೆ, ಅಳುತ್ತ, ಬೈಯುತ್ತ.

ದ್ವೀಪದ ಆಸ್ಪತ್ರೆಯಲ್ಲಿ ಮಲಗಿಸಿದರು. ಪುಪ್ಪುಸಕ್ಕೆ ನೀರು ಹೋಗಿದೆ, ಒಂದು ದಿನ ನೋಡೋಣ ಅಂದರು ಡಾಕ್ಟರು. ಇವರಿಗೆ ಮಾತಾಡಲು ತ್ರಾಣ ಬಂದಾಗ ನಾನೇ ಕೇಳಿದೆ, ಕೇಳದಿರಲು ಆಗಲಿಲ್ಲ.

"ಎಷ್ಟ್ ಮುಣುಗು ಹಾಕಿದ್ರಿ ನೀವು?"

"ಒಂದೂ ಇಲ್ಲ ಬೇ" ಅಂದರು. "ಜಾಕೆಟ್ ತಗದೆ, ಅಷ್ಟ್ರಾಗ ತೆರಿ ಬಂತು. ಮೂಗು, ಬಾಯಾಗ ನೀರ್ ಹೊಕ್ಕು ಗಂಟಲಕ್ಕ ಹೋಯ್ತು. ಏಣಿ ಕಾಣತಿತ್ತು, ಕೈಗೆ ಹತ್ತಲಿಲ್ಲ." ಒಂದು ಸಲ ಕೆಮ್ಮಿದರು. "ನೀ ನನ್ನೇ ನೋಡಾಕತ್ತಿದ್ದಿ. ಕೈ ಎತ್ತಿ ಕರದೆ. ನಕ್ಕಿ."

ನಾಲ್ಕನೆಯದು ಅದು.

ಸಂಜೆ ಗಾಣಗಾಪುರದಿಂದ ಫೋನು ಬಂತು. ಅತ್ತೆ. ನಾವಾಗಿ ತಿಳಿಸಿರಲಿಲ್ಲ, ತಿಳಿಸುವ ಹಾಗೂ ಇರಲಿಲ್ಲ. ಇವರು ಫೋನು ತೆಗೆದುಕೊಂಡರು.

"ಯಪ್ಪಾ, ಸಮುದ್ರದಾಗ ನನ್ನ ಹೆಸರಲೆ ಹಾಕಿದಿ?"

ಇವರಿಗೆ ಕೆಮ್ಮು ಬಂತು. ಅವ್ವನ ಹತ್ತಿರ ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ನನ್ನ ಕಡೆ ನೋಡಿ ಫೋನು ಚಾಚಿದರು.

"ಹಾಕ್ಯಾರ್ರಿ ಅತ್ತಿ" ಎಂದೆ. "ನಾಲ್ಕನೇದು ನಿಮ್ದು, ಐದನೇದು ಅಕ್ಕಂದು."

"ನೀ ಎಣಿಸಿದಿ ಏನವ್ವ?"

"ಎಣಿಸೇನ್ರಿ."

"ಕಣ್ಣೀಲೆ ನೋಡಿದಿ?"

"ನೋಡೇನ್ರಿ."

ಆ ಕಡೆ ಅವರು ತೃಪ್ತಿಯಿಂದ ಉಸಿರು ಬಿಟ್ಟದ್ದು ಕೇಳಿಸಿತು. "ನೀ ದಂಡಿಗೆ ಇದ್ದಿ ಅಂತ ನಾ ಬೇಫಿಕರ್ ಇದ್ದೆ ನೋಡವ್ವ" ಅಂದರು.

ಫೋನು ಇಟ್ಟು ಕಿಟಕಿಯ ಹತ್ತಿರ ನಿಂತೆ. ಹಿಂದೆ ಇವರು ಕೆಮ್ಮುತ್ತಿದ್ದರು. ನನಗೇ ತಿಳಿಯದೆ ನಾನು ಆ ಕೆಮ್ಮನ್ನು ಎಣಿಸುತ್ತಿದ್ದೆ. ಕೆಮ್ಮು ನಿಂತಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಆದರೂ ತಿರುಗಿದೆ. ಇವರಿಗೆ ನಿದ್ದೆ ಹತ್ತಿತ್ತು, ಹೊದಿಕೆಯಡಿ ಎದೆ ಏರಿ ಇಳಿಯುತ್ತಿತ್ತು.