ದಾರಿ ಬಿಡಿ, ದಾರಿ ಬಿಡಬೇಡಿ

ಆಳು ನೋಡಿದರೆ ಕಡ್ಡಿ, ಹೆಸರು ಮಾತ್ರ ದಪ್ಪಕ್ಷರ. ಮೂವತ್ತು ವರ್ಷದಿಂದ ಅಂಗಡಿಗಳ ಬೋರ್ಡು ಬರೆದುಕೊಂಡು ಬಂದ ಆ ಪೇಂಟರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೆಂಬುದು ಊರಿಗೆ ಮರೆತೇ ಹೋಗಿತ್ತು. ಗಿರಾಕಿ ಹತ್ತು ಸಾಲು ಬರೆದು ತಂದರೆ ಎಂಟು ಸಾಲು ಹೊಡೆದುಹಾಕುವುದು ಅವನ ಪದ್ಧತಿ. "ಮಾತು ಕಮ್ಮಿ, ಅಕ್ಷರ ದಪ್ಪ. ಹೋಗೋ ಬರೋರು ಯಾರೂ ನಿಂತು ಓದಲ್ಲ ಸ್ವಾಮಿ" ಎಂಬುದು ಪಲ್ಲವಿ. ಇದಕ್ಕೆ ಎದುರಾಡಿದರೆ ಬ್ರಷ್ಷನ್ನು ಸೀಮೆಎಣ್ಣೆಯ ಡಬ್ಬಿಗೆ ಹಾಕಿ, "ಹಾಗಾದ್ರೆ ನೀವೇ ಬರ್ಕೊಳಿ" ಎಂದು ಎದ್ದುಬಿಡುತ್ತಿದ್ದ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಅವನ ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ದಿನವಿಡೀ ಹಬೆಯಲ್ಲಿ ನಿಂತು ಹೊದಿಕೆಗಳಿಗೆ ಇಸ್ತ್ರಿ ಹಾಕಿ ನಾಲ್ಕು ಮಡಿಕೆ ಮಾಡಬೇಕು. ರಕ್ತದಲ್ಲಿ ಸಕ್ಕರೆ ಏರುತ್ತಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದೇ ತಡ, ನಡೆಯಲು ಹೋದವಳು ಓಡಲು ಹಿಡಿದಳು. ಓಡಿ ಓಡಿ, ಊರಾಚೆಯ ಗುಡ್ಡ ಕಾಡುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ನಲವತ್ತು ಕಿಲೋಮೀಟರ್ ಓಟಕ್ಕೆ ನಲವತ್ತೇಳನೆಯ ವಯಸ್ಸಿನಲ್ಲಿ ಹೆಸರು ಕೊಟ್ಟಳು. ಮೊದಲ ವರ್ಷ ಅರ್ಧ ದಾರಿಯಲ್ಲಿ ಮೀನಖಂಡ ಹಿಡಿದುಕೊಂಡಿತು. ಎರಡನೆಯ ವರ್ಷ, ಓಟಗಾರರ ಸಮಯ ನೋಡಿ ನೀರು ಕೊಡುವ ಠಾಣೆಗಳಲ್ಲಿ ಮೂರನೆಯದಕ್ಕೆ ಒಂಬತ್ತು ನಿಮಿಷ ತಡವಾಗಿ ಬಂದಳು. ಮಧ್ಯಾಹ್ನ ಎರಡೂವರೆಯೊಳಗೆ ಆ ಠಾಣೆ ದಾಟದವರನ್ನು ಮುಂದೆ ಬಿಡುವುದಿಲ್ಲ, ಏಕೆಂದರೆ ಅಲ್ಲಿಂದ ಮುಂದಿನದು ಕಮರಿಯ ಇಳಿಜಾರು, ಅಲ್ಲಿ ಬೆಳಕು ಬೇಗ ಹೋಗುತ್ತದೆ. ಈಗ ಮೂರನೆಯ ವರ್ಷ. ಮೊಣಕಾಲು ನೋಡಿದ ಡಾಕ್ಟರು, "ಇದೊಂದು ಓಡಿ, ಆಮೇಲೆ ನಡಿಗೆ ಸಾಕು" ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಂದರೆ ಈ ಸಲ ಮುಗಿಸಿದರೆ ಮುಗಿಸಿದಂತೆ, ಇಲ್ಲದಿದ್ದರೆ ಇಲ್ಲ.

ಓಟದ ಸಮಿತಿಯ ಕಾರ್ಯದರ್ಶಿ ಔಷಧದಂಗಡಿಯವರು. ಹಿಂದಿನ ವರ್ಷ ಕಿರಿದಾದ ದಾರಿಯಲ್ಲಿ ನೂಕಾಟ ನಡೆದಿತ್ತೆಂದು ಈ ಸಲ ನಾಲ್ಕು ಹಾಳೆ ನಿಯಮ ಬರೆದುಕೊಂಡು ಪೇಂಟರ ಮನೆಗೆ ಬಂದರು. ಹಿಂದಿನವರು ಕೂಗಿ ಹೇಳಿ ಮುಂದೆ ಹೋಗಬೇಕು, ಮುಂದಿನವರು ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ನಿಲ್ಲಬೇಕು. ಎರಡೂ ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬಾರದು. ತಿರುವುಗಳಲ್ಲಿ ದಾರಿಯಿಂದ ಸರಿದು ಅಡ್ಡ ಇಳಿಯಬಾರದು, ಕಲ್ಲು ಉರುಳಿ ಕೆಳಗಿನವರ ತಲೆ ಒಡೆಯುತ್ತದೆ. ಯಾರಾದರೂ ಬಿದ್ದರೆ ಸಹಾಯ ಬರುವವರೆಗೆ ಒಬ್ಬರಾದರೂ ಜೊತೆಗಿರಬೇಕು.

"ಇದೇನು ಬೋರ್ಡೋ, ಪುರಾಣವೋ?" ಎಂದು ಪೇಂಟರು ಪೆನ್ಸಿಲ್ ತೆಗೆದ. ಐದು ನಿಮಿಷದಲ್ಲಿ ನಾಲ್ಕು ಹಾಳೆ ಎರಡು ಮಾತಾಯಿತು. ಕಿರಿದಾದ ಕಡೆ: ದಾರಿ ಬಿಡಿ. ತಿರುವಿನ ಕಡೆ: ದಾರಿ ಬಿಡಬೇಡಿ. ನಾಲ್ಕಕ್ಷರ, ಆರಕ್ಷರ. ಕಾರ್ಯದರ್ಶಿ ತಲೆ ಕೆರೆದುಕೊಂಡು ಒಪ್ಪಿದರು.

ಬೋರ್ಡುಗಳು ಅಂಗಳದಲ್ಲಿ ಒಣಗುತ್ತಿದ್ದಾಗ ಹೆಂಡತಿ ಬಗ್ಗಿ ಓದಿದಳು.

"ಅಲ್ಲ ರೀ, ಒಂದ್ಕಡೆ ಬಿಡಿ ಅಂತೀರ, ಇನ್ನೊಂದ್ಕಡೆ ಬಿಡಬೇಡಿ ಅಂತೀರ. ಇಪ್ಪತ್ತು ಕಿಲೋಮೀಟರ್ ಓಡಿ ಬಂದಿರೋ ತಲೆಗೆ ಇದು ಹತ್ತುತ್ತಾ? ಪಕ್ಕಕ್ಕೆ ನಿಂತು ಜಾಗ ಕೊಡಿ ಅಂತ ಬರೀರಿ."

"ಭಾಷೆ ಬರೋರಿಗೆ ಅರ್ಥ ಆಗುತ್ತೆ. ನೀನು ಓಡು, ಬರೆಯೋದು ನಂಗೆ ಬಿಡು."

ಅವಳು ಬಿಟ್ಟಳು.

ಓಟದ ದಿನ ಮೂರನೆಯ ಠಾಣೆಯ ಕಾವಲಿಗೆ ಪೇಂಟರನ್ನೇ ಹಾಕಿದ್ದರು. ದಾರಿಯ ಎರಡು ಬದಿಗೆ ಎರಡು ಕಂಬ, ಎರಡೂವರೆಗೆ ಅಡ್ಡ ಕಟ್ಟಬೇಕಾದ ಕೆಂಪು ಹಗ್ಗ, ನೀರಿನ ಡ್ರಮ್ಮು, ಮೇಜು, ಗಡಿಯಾರ. ಮುಂಚೂಣಿಯ ಓಟಗಾರರು ಬಂದು ನೀರು ಕುಡಿದು, ಕಾಗದದ ಲೋಟ ಬುಟ್ಟಿಗೆ ಹಾಕಿ, ಥ್ಯಾಂಕ್ಸ್ ಹೇಳಿ ಹೋದರು. ಎಲ್ಲವೂ ಚೆನ್ನಾಗಿತ್ತು. ತೊಂದರೆ ಬಂದದ್ದು ನಡುವಿನ ಗುಂಪಿನಿಂದ. ಒಬ್ಬ ಮಹಾರಾಯ ಲೋಟವನ್ನು ಪೊದೆಗೆ ಎಸೆದ. ಪೇಂಟರು ಅವನ ಅಂಗಿ ಹಿಡಿದು ನಿಲ್ಲಿಸಿ ಅದನ್ನು ಹೆಕ್ಕಿಸಿದ. ಆಮೇಲೆ ಮೈತುಂಬ ಮುಳ್ಳು ಗೀರಿಸಿಕೊಂಡ ಮೂವರು ಬಂದರು.

"ಆ ಬೋರ್ಡ್ ಬರೆದ ಪುಣ್ಯಾತ್ಮ ಯಾರ್ರೀ? ದಾರಿ ಬಿಡಿ ಅಂತ ಬರೆದಿದ್ದಾರೆ. ಬಿಟ್ವಿ. ಪೊದೆ ಒಳಗೆ ಕಾಲು ಗಂಟೆ ಸುತ್ತಿದ್ವಿ!"

ಪೇಂಟರಿಗೆ ಮೈಯೆಲ್ಲ ಉರಿಯಿತು. ಇಷ್ಟೂ ತಿಳಿಯದ ಜನರಿಗೆ ಬೋರ್ಡು ಬರೆದದ್ದೇ ತಪ್ಪು ಎಂದುಕೊಂಡ. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂದು ಗೊಣಗಿ, ನೀರು ಬಗ್ಗಿಸಿ ಕೊಟ್ಟ. ಬರೆದವನು ತಾನೇ ಎಂದು ಮಾತ್ರ ಹೇಳಲಿಲ್ಲ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಓಟಗಾರನೊಬ್ಬ ತಂದ ಸುದ್ದಿ ತಮಾಷೆಯದಾಗಿರಲಿಲ್ಲ. ಸಮಿತಿಯವರು ಎರಡು ಬೋರ್ಡನ್ನೂ ಬಂಡೆಯಂಚಿನ ಹತ್ತಿರ ಇಪ್ಪತ್ತು ಹೆಜ್ಜೆ ಅಂತರದಲ್ಲಿ ನೆಟ್ಟಿದ್ದರಂತೆ. ಹಿಂದಿನಿಂದ ಬಂದ ತರುಣನೊಬ್ಬ ದಾರಿ ಬಿಡಿ ಎಂದು ಕೂಗಿದನಂತೆ. ಮುಂದಿದ್ದ ದಢೂತಿ ಮನುಷ್ಯ ಎದುರಿನ ಬೋರ್ಡು ತೋರಿಸಿ, "ಬಿಡಬೇಡಿ ಅಂತ ಬರೆದಿದೆ, ಕಾಣಲ್ವಾ?" ಎಂದನಂತೆ. ತರುಣ ನುಗ್ಗಿದ, ಕಾಲು ಜಾರಿತು, ಎರಡಾಳುದ್ದ ಕೆಳಗೆ ಬಿದ್ದ. ಪಾದ ತಿರುಚಿಕೊಂಡಿದೆ.

"ಜೊತೆಗೆ ಯಾರಿದ್ದಾರೆ?" ಎಂದು ಪೇಂಟರು ಕೇಳಿದ.

"ಎಲ್ರೂ ಮುಂದೆ ಹೇಳ್ತೀವಿ ಅಂತ ಹೋದ್ರು. ಒಬ್ರು ಅಮ್ಮ ಕೂತಿದ್ದಾರೆ. ಇಸ್ತ್ರಿ ಮಾಡಿದ ಟೀ ಶರ್ಟ್ ಹಾಕ್ಕೊಂಡಿದ್ದಾರಲ್ಲ, ಅವರು."

ಓಟಕ್ಕೆ ಬಂದ ಇನ್ನೂರು ಮಂದಿಯಲ್ಲಿ ಟೀ ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಕಾಡಿಗೆ ಬರುವವಳು ಒಬ್ಬಳೇ. ಪೇಂಟರು ಕಾರ್ಯದರ್ಶಿಗೆ ಫೋನು ಮಾಡಿ ಸ್ಟ್ರೆಚರ್ ಕಳಿಸಲು ಹೇಳಿದ. ಆಮೇಲೆ ಮಾಡಲು ಏನೂ ಇರಲಿಲ್ಲ. ಗಡಿಯಾರ ನೋಡಿದ. ಬಿದ್ದವನ ಮೇಲೆ ಸಿಟ್ಟು ಬಂತು, ದಢೂತಿಯ ಮೇಲೆ ಬಂತು, ಬೋರ್ಡು ನೆಟ್ಟವರ ಮೇಲೆ ಬಂತು. ಯಾರ ಮೇಲೂ ಅದು ಸರಿಯಾಗಿ ಕೂರಲಿಲ್ಲ.

ಎರಡೂವರೆ ಆಯಿತು. ಹಗ್ಗ ಕಟ್ಟಿದ. ಒಂದು ನಿಮಿಷ ತಡವಾಗಿ ಬಂದ ಬ್ಯಾಂಕಿನ ಗುಮಾಸ್ತ ಕೈ ಮುಗಿದು ಬೇಡಿಕೊಂಡ. ಮೂರು ನಿಮಿಷ ತಡವಾಗಿ ಬಂದ ಶಾಲೆಯ ಟೀಚರು ಅತ್ತೇಬಿಟ್ಟರು. ಇಬ್ಬರನ್ನೂ ಬಿಡಲಿಲ್ಲ. ಇಬ್ಬರೂ ಪಕ್ಕದ ಕಲ್ಲಿನ ಮೇಲೆ ಕೂತು ಅವನನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದರು.

ಆರನೆಯ ನಿಮಿಷಕ್ಕೆ ಅವಳು ಬಂದಳು. ಮೊಣಕಾಲಿಗೆ ಕೆಂಪು ಮಣ್ಣು, ಇಸ್ತ್ರಿ ಯಾವಾಗಲೋ ಹೋಗಿತ್ತು, ಆದರೂ ಓಡುತ್ತಲೇ ಬಂದಳು. ಹಗ್ಗದ ಮುಂದೆ ನಿಂತು ಏದುಸಿರು ಬಿಡುತ್ತಾ ಗಂಡನ ಮುಖ ನೋಡಿದಳು.

"ದಾರಿ ಬಿಡಿ."

"ಎರಡು ಮೂವತ್ತಾರು ಆಯ್ತು."

"ನಲವತ್ತು ನಿಮಿಷ ಆ ಹುಡುಗನ ಹತ್ರ ಕೂತಿದ್ದೆ. ಸ್ಟ್ರೆಚರ್ ಬಂದ ಮೇಲೇ ಎದ್ದೆ. ನಿಯಮದಲ್ಲೇ ಇದೆಯಲ್ಲ, ಇರಬೇಕು ಅಂತ? ಆ ನಲವತ್ತು ಕಳೀರಿ. ಕಾಲಿನ್ನೂ ಗಟ್ಟಿಯಿದೆ ರೀ. ಬಿಡಿ."

ಪೇಂಟರು ಕಾರ್ಯದರ್ಶಿಗೆ ಮತ್ತೆ ಫೋನು ಮಾಡಿದ. ಆ ಕಡೆಯಿಂದ ನಿಧಾನವಾಗಿ ಉತ್ತರ ಬಂತು: "ಅವರು ಮಾಡಿದ್ದು ದೊಡ್ಡ ಕೆಲಸ. ಆದ್ರೆ ಇದು ಬಹುಮಾನದ ಲೆಕ್ಕ ಅಲ್ಲಪ್ಪ, ಬೆಳಕಿನ ಲೆಕ್ಕ. ಯಾಕೆ ತಡ ಆಯ್ತು ಅಂತ ಕಮರಿ ಕೇಳುತ್ತಾ?"

ಮಾತು ಸರಿಯಾಗಿತ್ತು. ಸರಿಯಾಗಿದ್ದುದಕ್ಕೇ ಅವನಿಗೆ ಫೋನನ್ನು ಬಂಡೆಗೆ ಅಪ್ಪಳಿಸಬೇಕೆನಿಸಿತು. ಕೈ ಹಗ್ಗದ ಗಂಟಿನ ಮೇಲಿತ್ತು. ಎಳೆದರೆ ಬಿಚ್ಚಿಕೊಳ್ಳುವ ಗಂಟು. ಕಲ್ಲಿನ ಮೇಲಿನ ಇಬ್ಬರೂ ಆ ಕೈಯನ್ನೇ ನೋಡುತ್ತಿದ್ದರು.

"ಬಿಡಲ್ಲ," ಎಂದ.

ಅವಳು ಜಗಳವಾಡಲಿಲ್ಲ. ಎದೆಯ ಮೇಲಿನ ನಂಬರಿನ ಚೀಟಿಯ ನಾಲ್ಕು ಪಿನ್ನು ಒಂದೊಂದಾಗಿ ತೆಗೆದು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು, ಕಲ್ಲಿನ ಮೇಲೆ ಟೀಚರ ಪಕ್ಕ ಕೂತಳು. ಜೀಪಿನಲ್ಲಿ ಊರಿಗೆ ಮರಳುವಾಗ ಗಂಡನ ಕಡೆ ತಿರುಗಲಿಲ್ಲ. ತಪ್ಪು ನನ್ನದು ಎಂಬ ಮಾತು ಅವನ ಗಂಟಲವರೆಗೆ ಬಂದು ಬಂದು ಹಿಂದೆ ಹೋಯಿತು. ಜಗತ್ತಿಗೆಲ್ಲ ಮಾತು ಕಡಿಮೆ ಮಾಡಿಕೊಟ್ಟವನಿಗೆ ಆ ಎರಡು ಪದ ಬಾಯಿಂದ ಹೊರಡಿಸಲಾಗಲಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಸಮಿತಿಯವರು ಕಿತ್ತು ತಂದ ಬೋರ್ಡುಗಳನ್ನು ಅಂಗಳದಲ್ಲಿ ಹರವಿಕೊಂಡು ಕೂತ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ದಾರಿ ಬಿಡಿ ಎಂಬುದರ ಮೇಲೆ ಬಿಳಿ ಬಣ್ಣ ಬಳಿದು, ಒಣಗಿದ ಮೇಲೆ ಸಣ್ಣ ಬ್ರಷ್ಷು ಹಿಡಿದ. ಮೂವತ್ತು ವರ್ಷದಲ್ಲಿ ಅಷ್ಟು ಚಿಕ್ಕ ಅಕ್ಷರ ಬರೆದಿರಲಿಲ್ಲ: ಹಿಂದಿನವರು ಕೂಗಿದರೆ, ಗಟ್ಟಿ ನೆಲ ನೋಡಿ ಪಕ್ಕಕ್ಕೆ ನಿಂತು ಅವರಿಗೆ ಜಾಗ ಕೊಡಿ. ಜಾಗ ಇಲ್ಲದಿದ್ದರೆ ಹಿಂದಿನವರು ಕಾಯಬೇಕು.

ಹೆಂಡತಿ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ಪೂರ್ತಿ ಓದಿದಳು. ಒಂದು ವಾರದ ಮೇಲೆ ಮೊದಲ ಸಲ ಬಾಯಿಬಿಟ್ಟಳು.

"ಅಕ್ಷರ ಚಿಕ್ಕದಾಯ್ತು. ಓಡೋರಿಗೆ ಕಾಣಲ್ಲ."

"ಒಂದು ಗಳಿಗೆ ನಿಂತು ಓದಲಿ," ಎಂದ ಅವನು ತಲೆಯೆತ್ತದೆ. "ನಿಂತ್ರೆ ಏನು ಗಂಟು ಹೋಗುತ್ತೆ?"

"ನಾನು ನಿಂತಿದ್ನಲ್ಲ," ಎಂದಳು ಅವಳು, ಮತ್ತು ಗೇಟು ತೆಗೆದು ಹೊರಟಳು. ಓಡಲಿಲ್ಲ, ನಡೆದುಕೊಂಡೇ ಹೋದಳು.