ಮಧುಕಂಠನ ಶನಿವಾರಗಳು

ನಮ್ಮ ಕಡೆಯ ಜನ ಯಾರನ್ನೂ ಎದುರೆದುರೇ ಹೊಗಳುವುದಿಲ್ಲವೆಂಬುದನ್ನು ನೀವೂ ಗಮನಿಸಿರಬಹುದು. ಕರಾವಳಿಯಿಂದ ಬಂದು ಠಾಣೆಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆ ಹೊಯ್ದ ನನ್ನ ಅಪ್ಪನಿಗೆ ದೊರೆತ ಪರಮೋಚ್ಚ ಪ್ರಶಸ್ತಿಯೆಂದರೆ, ಗಿರಾಕಿ ತುಟಿ ಪಿಟಕ್ಕೆನ್ನದೆ ಇನ್ನೊಂದು ದೋಸೆ ಹೇಳುವುದು. ಅಮ್ಮನಂತೂ ಈ ಶಾಸ್ತ್ರದಲ್ಲಿ ಮಹಾಪಂಡಿತೆ. ಏಳನೆಯ ಇಯತ್ತೆಯಲ್ಲಿ ನಾನು ಪ್ರಬಂಧಸ್ಪರ್ಧೆಯ ಮೊದಲ ಬಹುಮಾನವಾಗಿ ಸ್ಟೀಲಿನ ತಟ್ಟೆಯೊಂದನ್ನು ಗೆದ್ದು ತಂದಾಗ, ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಂತ ಮಹಾ! ಹೋಗು, ಕೈಕಾಲು ತೊಳ್ಕೊ" ಎಂದವಳು, ಸಂಜೆ ನನಗೆ ಉಪ್ಪು ಮೆಣಸು ನಿವಾಳಿಸಿ ಬೆಂಕಿಗೆ ಹಾಕಿ ಇಡೀ ಚಾಳನ್ನು ಕೆಮ್ಮಿಸಿದಳು. ಬಾಯಿಬಿಟ್ಟು ಹೊಗಳಿದರೆ ದೃಷ್ಟಿ ತಾಗುತ್ತದೆ. ಆದ್ದರಿಂದ ಪ್ರೀತಿಯನ್ನು ಕೆಮ್ಮಿನ ರೂಪದಲ್ಲಿ ಮಾತ್ರ ವ್ಯಕ್ತಪಡಿಸತಕ್ಕದ್ದು.

ಇಂಥ ಪರಂಪರೆಯಲ್ಲಿ ಬೆಳೆದವನು ನಲವತ್ತೊಂದನೆಯ ವಯಸ್ಸಿನಲ್ಲಿ, ಪ್ರತಿ ಶನಿವಾರ ಮಧ್ಯಾಹ್ನ ಐರೋಲಿಯ ಫ್ಲ್ಯಾಟೊಂದರಲ್ಲಿ ಕುಳಿತು ಜನರನ್ನು ಹೊಗಳುವ ಕೆಲಸಕ್ಕೆ ಸೇರಿದೆನೆಂದರೆ ನೀವು ನಂಬಲಾರಿರಿ. ನನ್ನ ನಿಜವಾದ ಉದ್ಯೋಗ ಕಂಪನಿಯೊಂದಕ್ಕೆ ಬರುವ ದೂರುಗಳಿಗೆ ಕ್ಷಮಾಪಣೆಯ ಉತ್ತರ ಬರೆಯುವುದು. ದಿನಕ್ಕೆ ಐವತ್ತು ಸಲ ವಿಷಾದ ಸೂಚಿಸುವ ನನ್ನನ್ನು ಕಂಡು ಮರುಕಗೊಂಡೋ ಏನೋ, ಆಫೀಸಿನ ಮಂದಾರ ಎಂಬ ಮರಾಠಿ ತರುಣ ತನ್ನ ಆಟಕ್ಕೆ ಕರೆದ. ಮೇಜಿನ ಸುತ್ತ ಐದು ಜನ. ಮಂದಾರ ಒಂದು ಅದ್ಭುತಕಥೆಯನ್ನು ಹೇಳುತ್ತ ಹೋಗುತ್ತಾನೆ. ಉಳಿದವರು ಅದರೊಳಗಿನ ಒಬ್ಬೊಬ್ಬ ಪಾತ್ರವಾಗಿ, ಮುಂದೇನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ರಾಕ್ಷಸ ಎದುರಾದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಅಂಕಿಯೇ ಹಣೆಬರಹ.

ನಾನು ಹೋಗುವಷ್ಟರಲ್ಲಿ ಖಡ್ಗ, ಮಂತ್ರದಂಡ, ಬಿಲ್ಲು ಎಲ್ಲವೂ ಹಂಚಿಹೋಗಿದ್ದವು. ಉಳಿದಿದ್ದದ್ದು ಬಾರ್ಡ್ ಎಂಬ ಪಾತ್ರ, ಅಂದರೆ ತಂತಿವಾದ್ಯ ಹೊತ್ತ ಒಬ್ಬ ವಂದಿಮಾಗಧ. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ "ನೀನು ಬರೀ ತುಟಿ ಅಲ್ಲಾಡಿಸು, ಸಾಕು" ಎಂದು ಟೀಚರಿಂದ ಅಪ್ಪಣೆ ಪಡೆದಿದ್ದವನು ಮಧುಕಂಠನೆಂಬ ನಾಮಧೇಯದಿಂದ ಗಾಯಕನಾದೆ. ಪುಣ್ಯಕ್ಕೆ ಹಾಡಲೇಬೇಕೆಂದಿರಲಿಲ್ಲ. ಜೊತೆಗಾರ ಕಷ್ಟದಲ್ಲಿದ್ದಾಗ ಎರಡು ಸಾಲು ಧೈರ್ಯ ಹೇಳಿ, ಒಂದು ಪುಟ್ಟ ದಾಳವನ್ನು ಅವನ ಕೈಗಿಡಬೇಕು. ಅವನು ತನ್ನ ಅಂಕಿಗೆ ಅದರ ಅಂಕಿಯನ್ನೂ ಕೂಡಿಸಿಕೊಂಡು ಬದುಕುತ್ತಾನೆ. ಹೊಗಳಿಕೆಯಿಂದ ದೃಷ್ಟಿ ತಾಗದೆ ಆಯುಸ್ಸು ಬೆಳೆಯುವ ಲೋಕವೊಂದಿದೆಯೆಂದು ಅಮ್ಮನಿಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದಳು. ಒಂದು ನಿಯಮ ಮಾತ್ರ ಉಂಟು: ಈ ದಾಳವನ್ನು ಯಾರಿಗೆ ಬೇಕಾದರೂ ಕೊಡಬಹುದು, ಗಾಯಕ ತನಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ. ಅದನ್ನು ಓದಿದಾಗ ನನಗೆ ವಿಶೇಷವೇನೂ ಅನ್ನಿಸಲಿಲ್ಲ.

ನಾನು ಧೈರ್ಯ ಹೇಳುತ್ತಿದ್ದುದು ಕನ್ನಡದಲ್ಲಿ. "ಬಿಲ್ಲು ಬಾಗಿದರೇನು, ಬೆನ್ನು ಬಾಗದೆ ನಿಲ್ಲು" ಎಂಬಂಥ, ಛಂದಸ್ಸು ಅರ್ಧ ದಾರಿಯಲ್ಲೇ ಕುಂಟುವ ಸಾಲುಗಳು. ಅರ್ಥವಾಗುತ್ತಿದ್ದುದು ಜೊತೆಯ ಆಟಗಾರ ಧೂಮಕೇತುವಿಗೆ ಮಾತ್ರ. ಈತ ವಿಜಯಪುರದ ಕಡೆಯವನು. ತುರ್ಭೆಯ ಗೋದಾಮೊಂದರಲ್ಲಿ ಹಮಾಲರ ಮುಕಾದಮ, ಅಂದರೆ ಮೇಸ್ತ್ರಿ. ಬಾಗಿಲಲ್ಲಿ ನಿಂತರೆ ಬೆಳಕು ನಿಂತುಹೋಗುವಂಥ ಆಳು. ಆಟದಲ್ಲಿ ಮಾತ್ರ ಗಾಳಿ ಬೀಸಿದರೆ ಉರುಳಿಬೀಳುವ ಮುದಿ ಮಾಂತ್ರಿಕ. "ಏ, ಭಾರಿ ಹೇಳಿದ್ರಿ ಬಿಡ್ರಿ! ಈಗ ನೋಡ್ರಿ ಮಜಾ" ಎಂದು ದಾಳವನ್ನು ಅಂಗೈಯಲ್ಲಿ ಉಜ್ಜಿ ಎಸೆಯುತ್ತಿದ್ದ. ಆಮೇಲೆ ನನ್ನ ಸಾಲುಗಳನ್ನು ಹಿಂದಿಗೆ ತರ್ಜುಮೆ ಮಾಡಿ ಉಳಿದವರಿಗೆ ಕೊಡುತ್ತಿದ್ದ. ಆ ತರ್ಜುಮೆ ಮೂಲಕ್ಕಿಂತ ಎಷ್ಟೋ ಚೆನ್ನಾಗಿರುತ್ತಿತ್ತೆಂಬುದನ್ನು ಅಸೂಯೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಮಂದಾರನದು ಒಂದು ಕಟ್ಟಪ್ಪಣೆ ಇತ್ತು. ಮೇಜಿನ ಬಳಿ ನಿಜನಾಮ ಕೂಡದು. ಬಾಯಿತಪ್ಪಿದವನು ಮುಂದಿನ ವಾರ ಎಲ್ಲರಿಗೂ ವಡಾಪಾವ್ ತರಬೇಕು. ಮೊದಲ ದಿನ ಕೇಳಿದ ಹೆಸರುಗಳು ಹೀಗೆ ಎರಡೇ ತಿಂಗಳಲ್ಲಿ ಮರೆತುಹೋದವು. ಮೂರು ವರ್ಷ ನಾನು ಮಧುಕಂಠನಾಗಿಯೇ ಇದ್ದೆ, ಆತ ಧೂಮಕೇತುವಾಗಿಯೇ ಇದ್ದ. ಸಂಜೆಯಾದೊಡನೆ ಅವರವರ ರೈಲು ಅವರವರಿಗೆ.

ನನ್ನ ರೈಲು ಠಾಣೆಯಲ್ಲಿ ಬದಲಾಗಿ ಡೊಂಬಿವಲಿಗೆ ಬರುತ್ತಿತ್ತು. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಆಟ ಶುರುವಾಗುವ ಹಿಂದಿನ ವರ್ಷ ಅಮ್ಮನೂ ಹೋಗಿದ್ದಳು. ಮದುವೆಯ ವಿಷಯ ನಾಳೆ ನೋಡೋಣ ನಾಳೆ ನೋಡೋಣವೆಂದು ಮುಂದೂಡುತ್ತ ಹೋಗಿ, ಕೊನೆಗೆ ಅದನ್ನು ಎತ್ತುವವರೇ ಇಲ್ಲದಂತಾಗಿತ್ತು. ವಾರದ ಆರು ದಿನ ನಾನು ಕನ್ನಡದಲ್ಲಿ ಮಾತನಾಡುತ್ತಿದ್ದುದು ಕುಕ್ಕರಿನೊಂದಿಗೆ. ಅದೂ ಮೂರು ಸೀಟಿ ಹೊಡೆದು ಸುಮ್ಮನಾಗುತ್ತಿತ್ತು. ಬಳಸಿ ಹೇಳುವುದೇಕೆ? ನಾನು ಒಂಟಿಯಾಗಿದ್ದೆ, ಸಂಕಟವಾಗುವಷ್ಟು ಒಂಟಿಯಾಗಿದ್ದೆ. ಶನಿವಾರ ಆಟ ಮುಗಿದ ಮೇಲೆ "ಮನೆಗೆ ಬನ್ನಿ, ಒಂದು ಕಾಫಿ ಕುಡಿಯೋಣ" ಎಂಬ ಮಾತು ನಾಲಗೆಯ ತುದಿಯವರೆಗೆ ಬಂದು ವಾಪಸಾಗುತ್ತಿತ್ತು. ಅವರಿಗೆ ಬೇಕಾದದ್ದು ಮಧುಕಂಠ. ಮೂರನೆಯ ಮಾಳಿಗೆಯ ಈ ಕನ್ನಡಕದ ಗುಮಾಸ್ತನನ್ನು ಕಟ್ಟಿಕೊಂಡು ಅವರೇನು ಮಾಡಿಯಾರು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು.

ಆಟದ ಮೂರನೆಯ ವರ್ಷ ಡೆಂಗ್ಯೂ ನನ್ನನ್ನು ಹುಡುಕಿಕೊಂಡು ಬಂತು. ಬಿಲ್ಡಿಂಗಿನ ವಾಚ್‌ಮನ್ ರಿಕ್ಷಾದಲ್ಲಿ ಕೂರಿಸಿ ಹತ್ತಿರದ ಆಸ್ಪತ್ರೆಗೆ ಸೇರಿಸಿದ. ಗಡಿಬಿಡಿಯಲ್ಲಿ ಚಾರ್ಜರ್ ಮನೆಯಲ್ಲೇ ಉಳಿದು, ಫೋನು ಮೊದಲ ದಿನವೇ ಪ್ರಾಣಬಿಟ್ಟಿತು. ನರ್ಸಿನ ಬಳಿ ಕೇಳಿದ್ದರೆ ಚಾರ್ಜರ್ ಸಿಗುತ್ತಿತ್ತು. ನಾನು ಕೇಳಲಿಲ್ಲ. ಫೋನು ಸತ್ತಿರುವವರೆಗೆ ಯಾರೋ ವಿಚಾರಿಸಿರಬಹುದೆಂದು ಅಂದುಕೊಳ್ಳಬಹುದಿತ್ತು. ಜೀವ ಬಂದ ಮೇಲೆ ಅದರಲ್ಲಿ ಒಂದೂ ಸಂದೇಶವಿಲ್ಲದಿದ್ದರೆ?

ಶನಿವಾರ ಬಂತು, ಹೋಯಿತು. ಸಂಜೆ ನಾಲ್ಕರಿಂದ ಆರು ಭೇಟಿಯ ಹೊತ್ತು. ಪಕ್ಕದ ಹಾಸಿಗೆಯ ಅಜ್ಜನಿಗೆ ಸೊಸೆಯಂದಿರು, ಮೊಮ್ಮಕ್ಕಳು, ಮೊಮ್ಮಕ್ಕಳ ಗೆಳೆಯರು, ಒಂದು ಜಾತ್ರೆಯೇ ನೆರೆಯುತ್ತಿತ್ತು. "ಕೋಣೀ ಯೇಣಾರ್ ಆಹೇ ಕಾ?" ಎಂದು ನರ್ಸ್ ದಿನವೂ ನನ್ನನ್ನು ಕೇಳುತ್ತಿದ್ದಳು, ನಿಮ್ಮವರು ಯಾರಾದರೂ ಬರುವವರಿದ್ದಾರೆಯೇ ಎಂದು. ಮನೆಗೆ ಕಳಿಸುವ ದಿನ ಯಾರಾದರೊಬ್ಬರು ಜೊತೆಗಿರಲೇಬೇಕಂತೆ. "ಯೇತೀಲ್, ಯೇತೀಲ್" ಎಂದು ಬರಲಿರುವ ಬಂಧುಬಳಗದ ಭಾರದಿಂದ ಬಳಲಿದವನಂತೆ ಉತ್ತರಿಸಿ, ನಾಲ್ಕು ಗಂಟೆ ಹೊಡೆಯುತ್ತಲೇ ಮುಖದ ಮೇಲೆ ಟವೆಲ್ ಎಳೆದುಕೊಂಡು ನಿದ್ದೆಯ ನಟನೆ ಮಾಡುತ್ತಿದ್ದೆ. ನಿದ್ದೆ ಹೋದವನನ್ನು ನೋಡಲು ಯಾರೂ ಬಂದಿಲ್ಲವೆಂದು ಯಾರೂ ಮರುಗುವುದಿಲ್ಲ ನೋಡಿ.

ಸೋಮವಾರವೂ ಹಾಗೆಯೇ ಮಲಗಿದ್ದೆ. ಬಾಗಿಲ ಬಳಿ ಹಿಂದಿಯಲ್ಲಿ ಒಂದು ದೊಡ್ಡ ಧ್ವನಿ ಕೇಳಿಸಿತು. "ಮಧುಕಂಠ್ ನಾಮ್ ಹೈ, ಸಿಸ್ಟರ್. ಚಷ್ಮಾ ಹೈ. ಗಾನಾ ಗಾತಾ ಹೈ."

"ಐಸಾ ಕೋಈ ನಹೀ ಹೈ ಇಧರ್," ಎಂದಳು ನರ್ಸ್. ಅವಳ ತಪ್ಪೇನಿಲ್ಲ. ಆ ವಾರ್ಡಿನಲ್ಲಿ ಹಾಡುವವರು ಯಾರೂ ಇರಲಿಲ್ಲ.

ಭಾರವಾದ ಹೆಜ್ಜೆಗಳು ಒಂದು ಗಳಿಗೆ ತಡೆದು ಹಿಂತಿರುಗಿದವು. ಟವೆಲಿನ ಕೆಳಗಿದ್ದರೂ ಆ ಧ್ವನಿ ಯಾರದೆಂದು ನನಗೆ ಗೊತ್ತಾಗಿತ್ತು. ಕೂಗಬೇಕು, ಆದರೆ ಇಷ್ಟು ಜನರೆದುರು ಏನೆಂದು ಕೂಗುವುದು? ಆತನ ನಿಜವಾದ ಹೆಸರು ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಕಂಡಕಂಡವರಿಗೆಲ್ಲ ಧೈರ್ಯ ಹಂಚಿದ ಮಹಾಶಯನ ಬಳಿ ತನ್ನ ಪಾಲಿಗೆಂದು ಚೂರೂ ಉಳಿದಿರಲಿಲ್ಲ. ಹೆಜ್ಜೆಗಳು ಮೆಟ್ಟಿಲು ಮುಟ್ಟಿದ್ದು ಕೇಳಿಸಿತು. ಆಗ ಟವೆಲ್ ಕಿತ್ತೆಸೆದು, ಸಲೈನಿನ ಕೈಯನ್ನೇ ಮೇಲೆತ್ತಿ, ಜನ್ಮದಲ್ಲೇ ಕೂಗದಷ್ಟು ಜೋರಾಗಿ ಕೂಗಿದೆ:

"ಧೂಮಕೇತೂ! ನಾನಿಲ್ಲಿದ್ದೇನೆ!"

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಜ್ವರ ನೆತ್ತಿಗೇರಿತೆಂದು ಪಕ್ಕದ ಅಜ್ಜ ನರ್ಸನ್ನು ಕರೆದರು. ಬಾಗಿಲಲ್ಲಿ ಬೆಳಕು ನಿಂತುಹೋಯಿತು.

"ಏನ್ರೀ ನೀವು! ಎಷ್ಟ್ ಹುಡುಕೂದ್ರೀ ನಿಮ್ಮನ್ನ!" ಆತ ಎಳನೀರಿನ ಚೀಲವನ್ನು ಕೆಳಗಿಟ್ಟು ಹಾಸಿಗೆಯ ತುದಿಯಲ್ಲಿ ಕೂತಾಗ ಕಬ್ಬಿಣದ ಮಂಚ ಕಿರ್‍ರೆಂದಿತು. ನನ್ನ ನಿಜನಾಮ ಬಲ್ಲ ಮಂದಾರ ಶನಿವಾರ ರಾತ್ರಿಯೇ ಊರಿಗೆ ಹೋಗಿ ಫೋನಿಗೆ ಸಿಕ್ಕಿರಲಿಲ್ಲವಂತೆ. ಎಂದೋ ಮಾತಿನ ನಡುವೆ, ತರಕಾರಿ ಮಾರ್ಕೆಟ್ಟಿನ ಹಿಂದೆ ನನ್ನ ಮನೆಯೆಂದು ಹೇಳಿದ್ದೆನಂತೆ. ಆತ ಅಲ್ಲಿಯ ಬಿಲ್ಡಿಂಗುಗಳ ವಾಚ್‌ಮನ್‌ಗಳಿಗೆಲ್ಲ ನನ್ನ ರೂಪವನ್ನು ವರ್ಣಿಸುತ್ತ ಬಂದಿದ್ದ. ಆರನೆಯವನು, "ತೀನ್ ಸೌ ತೀನ್ ವಾಲಾ?" ಎಂದು ನನ್ನ ಮನೆಯ ನಂಬರು ಹೇಳಿ ಆಸ್ಪತ್ರೆಯ ದಾರಿ ತೋರಿಸಿದನಂತೆ. ಹೆಸರು ಅವನಿಗೂ ಗೊತ್ತಿರಲಿಲ್ಲ.

"ನಿಮ್ಮ ಹೆಸರೇನು?" ಎಂದೆ, ನಾಚಿಕೆಯಿಂದ.

"ಶರಣಪ್ಪ ರೀ. ನಿಮ್ಮದು?"

ಹೇಳಿದೆ. ಆತ ಅದನ್ನು ಒಮ್ಮೆ ಬಾಯೊಳಗೆ ಅಂದು ನೋಡಿ, ಅಷ್ಟೇನೂ ಹಿಡಿಸದವನಂತೆ ತಲೆಯಾಡಿಸಿದ. ಎಳನೀರು ಬಗ್ಗಿಸಿ ಲೋಟ ಕೈಗಿತ್ತ. ಶನಿವಾರ ಆಟ ನಡೆಯಿತೇ ಎಂದು ಕೇಳಿದೆ. ನಡೆಯಿತೆಂದರೆ ನನಗೆ ಎಷ್ಟು ನೋವಾಗುತ್ತದೆಂಬುದನ್ನು ಮುಖದಲ್ಲಿ ತೋರಗೊಡದೆ.

"ಆತ್ರೀ," ಎಂದ ಶರಣಪ್ಪ. ಆಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಸುಳ್ಳ ಯಾಕ್ ಹೇಳ್ಲಿ? ನೀವಿಲ್ದ ಹಳ್ಳಾ ಸುದ್ದಾ ದಾಟಾಕ ಆಗ್ಲಿಲ್ಲ. ಎಲ್ಲಾರೂ ಸತ್ತೇವ್ರಿ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಲೋಟ ಅಲುಗಿ ಎಳನೀರು ಹಾಸಿಗೆಗೆ ಚೆಲ್ಲಿತು. ಅಪ್ಪ ಅಮ್ಮ ಇಬ್ಬರೂ ಸೇರಿ ಜನ್ಮವಿಡೀ ನನಗೆ ಹೇಳದೆ ಉಳಿಸಿದ್ದ ಮಾತನ್ನು ಈ ಮನುಷ್ಯ ಮುಖಕ್ಕೇ ಹೇಳಿಬಿಟ್ಟಿದ್ದ. ಇನ್ನು ಮುಂದೇನು, ಹೊಸ ಆಟವೇ ಎಂದು ಕೇಳಿದೆ.

"ಹೊಸಾದೂ ಇಲ್ಲ, ಹಳೇದೂ ಇಲ್ಲ," ಎಂದು ಆತ ನನ್ನ ಕೈಯಿಂದ ಲೋಟ ತೆಗೆದುಕೊಂಡು ಮತ್ತೆ ತುಂಬಿಸಿದ. "ಅವಸರ ಮಾಡಬ್ಯಾಡ್ರಿ, ಆರಾಮ ಆಗ್ರಿ ಮೊದ್ಲ. ನೀವ್ ಬರೂತನಕಾ ನಾವ್ ಹಿಂಗ ಸತ್ತ ಬಿದ್ದಿರ್ತೇವಿ."